ಎಣ್ಣೆ, ಗ್ಯಾಸ್ ಎಲ್ಲ ಇರುವ ಟೆಕ್ಸಾಸ್ 2021ರಲ್ಲಿ ಕತ್ತಲಾಗಿದ್ದು ಹೇಗೆ?

ಓದುಗರ ಪ್ರಶ್ನೆ: 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ದಿನಗಟ್ಟಲೆ ಕರೆಂಟಿಲ್ಲದೆ ಜನ ಚಳಿಗೆ ಸತ್ತರು ಎಂದು ಓದಿದ್ದೆವು. ನೆಲ ಅಗೆದರೆ ಎಣ್ಣೆ, ಗ್ಯಾಸ್ ಸಿಗುವ ರಾಜ್ಯ ಅದು. ಅಲ್ಲೇ ಹೀಗಾದರೆ ಹೇಗೆ? ಪಕ್ಕದ ರಾಜ್ಯಗಳಿಂದಾದರೂ ಕರೆಂಟ್ ಯಾಕೆ ತರಿಸಿಕೊಳ್ಳಲಿಲ್ಲ?

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಕಡೆ ಮಕ್ಕಳಿರುವ ಅಪ್ಪ-ಅಮ್ಮಂದಿರು ಚಳಿಗಾಲ ಬಂತೆಂದರೆ ಇದನ್ನೇ ಕೇಳುತ್ತಾರೆ. ಒಂದೇ ಉಸಿರಿನಲ್ಲಿ ಕೇಳಿದರೂ ಇಲ್ಲಿರುವುದು ಎರಡು ಪ್ರಶ್ನೆ. ಕರೆಂಟ್ ಯಾಕೆ ಹೋಯಿತು ಅನ್ನುವುದು ಒಂದು, ಹೊರಗಿನಿಂದ ಯಾಕೆ ಬರಲಿಲ್ಲ ಅನ್ನುವುದು ಇನ್ನೊಂದು. ಮೊದಲನೆಯದು ಹೆಪ್ಪುಗಟ್ಟಿದ ಪೈಪಿನ ಕಥೆ. ಎರಡನೆಯದು ಟೆಕ್ಸಾಸ್‌ನವರ ಹಟದ ಕಥೆ. ಆ ಹಟದ ಜಾಡು ಹಿಡಿದು ಹೊರಟರೆ ಆ ವರ್ಷ ಅಲ್ಲಿ ನಡೆದ ಬೇರೆ ಎಷ್ಟೋ ಸುದ್ದಿಗಳ ಗಂಟೂ ಬಿಚ್ಚಿಕೊಳ್ಳುತ್ತದೆ.

ಮೊದಲು ಚಳಿ. ಫೆಬ್ರವರಿ 11ರ ಬೆಳಗಿನ ಜಾವ ಫೋರ್ಟ್ ವರ್ತ್‌ನ ಹೆದ್ದಾರಿಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ಮಂಜುಗಡ್ಡೆ ಕಟ್ಟಿತ್ತು. ನೂರಮೂವತ್ತಕ್ಕೂ ಹೆಚ್ಚು ವಾಹನಗಳು ಜಾರಿ ಒಂದಕ್ಕೊಂದು ಗುದ್ದಿಕೊಂಡು ಆರು ಜನ ಸತ್ತರು. ಮುಖ್ಯ ಚಳಿಗಾಳಿ ಇನ್ನೂ ಬಂದಿರಲೇ ಇಲ್ಲ. 14ರ ಭಾನುವಾರ ಸಂಜೆ ಇಡೀ ರಾಜ್ಯ ಹೀಟರ್ ಹಾಕಿಕೊಂಡು ಕೂತಾಗ ವಿದ್ಯುತ್ ಬೇಡಿಕೆ 69,000 ಮೆಗಾವ್ಯಾಟ್ ದಾಟಿತು. ಚಳಿಗಾಲದಲ್ಲಿ ಅಷ್ಟು ಬೇಡಿಕೆ ಅಲ್ಲಿಯವರೆಗೆ ಬಂದಿರಲಿಲ್ಲ. 16ರಂದು ಡಲ್ಲಾಸ್‌ನಲ್ಲಿ ಮೈನಸ್ 19 ಡಿಗ್ರಿ ಸೆಲ್ಸಿಯಸ್. ಗಾಲ್ವೆಸ್ಟನ್‌ನ ಕಡಲತೀರದ ಮರಳಿನ ಮೇಲೆ ಹಿಮ ಬಿದ್ದಿತ್ತು. ದಕ್ಷಿಣದ ಸೌತ್ ಪಾಡ್ರೆ ದ್ವೀಪದಲ್ಲಿ ನೀರು ತಣ್ಣಗಾಗಿ ಕಡಲಾಮೆಗಳು ಮರಗಟ್ಟಿ ತೇಲತೊಡಗಿದವು. ಊರಿನವರು ದೋಣಿಗಳಲ್ಲಿ, ಪಿಕಪ್ ಗಾಡಿಗಳಲ್ಲಿ ಸಾವಿರಾರು ಆಮೆಗಳನ್ನು ಹೊತ್ತು ತಂದು ಸಮ್ಮೇಳನ ಭವನದ ನೆಲದ ಮೇಲೆ ಸಾಲಾಗಿ ಮಲಗಿಸಿದರು.

ಟೆಕ್ಸಾಸ್‌ನ ಮನೆ ಕಟ್ಟುವುದು ಸೆಕೆಗೆ, ಚಳಿಗಲ್ಲ. ಅರ್ಧಕ್ಕಿಂತ ಹೆಚ್ಚು ಮನೆಗಳಲ್ಲಿ ಬೆಚ್ಚಗಾಗುವುದೂ ಕರೆಂಟಿನಿಂದಲೇ. ವಿದ್ಯುತ್ ಸ್ಥಾವರಗಳದ್ದೂ ಇದೇ ಕಥೆ. ಬಿಸಿ ಹೊರಗೆ ಹೋಗಲೆಂದು ಎಷ್ಟೋ ಕಡೆ ಯಂತ್ರಗಳಿಗೆ ಸುತ್ತು ಗೋಡೆಯೇ ಇಲ್ಲ.

ಆ ರಾಜ್ಯದ ಬಹುಪಾಲು ಗ್ರಿಡ್ ನಡೆಸುವ ಸಂಸ್ಥೆಯ ಹೆಸರು ಎರ್ಕಾಟ್. ಅದರ ನಿಯಂತ್ರಣ ಕೊಠಡಿ ಆಸ್ಟಿನ್ ಹತ್ತಿರದ ಟೇಲರ್ ಎಂಬ ಸಣ್ಣ ಊರಿನಲ್ಲಿದೆ. ಭಾನುವಾರ ರಾತ್ರಿ ಕಳೆದು ಫೆಬ್ರವರಿ 15ರ ಸೋಮವಾರ ನಸುಕಿನ ಒಂದೂ ಕಾಲು ದಾಟುತ್ತಿದ್ದ ಹಾಗೆ ಅಲ್ಲಿಂದ ಲೋಡ್ ಶೆಡ್ಡಿಂಗ್ ಆದೇಶ ಹೊರಟಿತು. ಆದರೆ ಕಡಿತ ಮಾಡಿದ್ದಕ್ಕಿಂತ ಬೇಗ ಸ್ಥಾವರಗಳು ಒಂದೊಂದಾಗಿ ಕೈಕೊಡುತ್ತಿದ್ದವು.

ಇಲ್ಲಿ ಫ್ರೀಕ್ವೆನ್ಸಿ ಬಗ್ಗೆ ಸ್ವಲ್ಪ ಹೇಳಲೇಬೇಕು. ಗ್ರಿಡ್ ಅಂದರೆ ತೇರು ಎಳೆದ ಹಾಗೆ. ನೂರಾರು ಜನರೇಟರುಗಳು ಒಂದೇ ಹಗ್ಗ ಹಿಡಿದು ಒಂದೇ ಹೆಜ್ಜೆಯಲ್ಲಿ ಎಳೆಯಬೇಕು. ನಮ್ಮಲ್ಲಿ ಆ ಹೆಜ್ಜೆ, ಅಂದರೆ ಫ್ರೀಕ್ವೆನ್ಸಿ, ಸೆಕೆಂಡಿಗೆ 50, ಅಮೆರಿಕದಲ್ಲಿ 60. ಕೆಲವರು ಹಗ್ಗ ಬಿಟ್ಟರೆ ಉಳಿದವರ ಮೇಲೆ ಭಾರ ಬಿದ್ದು ಹೆಜ್ಜೆ ನಿಧಾನವಾಗುತ್ತದೆ. ತೀರಾ ನಿಧಾನವಾದರೆ ಯಂತ್ರಗಳು ತಮ್ಮ ಮೈ ಉಳಿಸಿಕೊಳ್ಳಲು ತಾವೇ ಕಳಚಿಕೊಳ್ಳುತ್ತವೆ. ಆಮೇಲೆ ತೇರು ಅಲ್ಲೇ ನಿಂತ ಹಾಗೆ.

ಆ ರಾತ್ರಿ 1:50ರ ಸುಮಾರಿಗೆ ಫ್ರೀಕ್ವೆನ್ಸಿ 59.4ಕ್ಕಿಂತ ಕೆಳಗಿಳಿಯಿತು. ಆ ಮಟ್ಟದಲ್ಲಿ ಒಂಬತ್ತು ನಿಮಿಷ ಉಳಿದಿದ್ದರೆ ಜನರೇಟರುಗಳು ಸಾಲಾಗಿ ಕಳಚಿಕೊಳ್ಳುತ್ತಿದ್ದವು. ಅದು ಉಳಿದದ್ದು 4 ನಿಮಿಷ 23 ಸೆಕೆಂಡ್. ಅಷ್ಟರಲ್ಲಿ ಕೊಠಡಿಯಲ್ಲಿದ್ದವರು ಸಾವಿರಾರು ಮೆಗಾವ್ಯಾಟ್ ಕಡಿತ ಮಾಡಿ ಹೆಜ್ಜೆ ಮತ್ತೆ ಸರಿಮಾಡಿದರು. ಇನ್ನು 4 ನಿಮಿಷ 37 ಸೆಕೆಂಡ್ ಕಳೆದಿದ್ದರೆ ಇಡೀ ಗ್ರಿಡ್ ಮಲಗುತ್ತಿತ್ತು, ಮತ್ತೆ ಎಬ್ಬಿಸಲು ವಾರಗಳೇ ಬೇಕಾಗುತ್ತಿದ್ದವು ಎಂದು ಎರ್ಕಾಟ್‌ನ ಆಗಿನ ಮುಖ್ಯಸ್ಥರೇ ಆಮೇಲೆ ಹೇಳಿದರು. ಜನ ಆ ಸಂಸ್ಥೆಗೆ ಹಾಕಿದ ಶಾಪಕ್ಕೆ ಕೊನೆಯಿಲ್ಲ. ಆದರೂ ಆ ನಾಲ್ಕು ನಿಮಿಷದ ಕೆಲಸಕ್ಕೆ ಅಲ್ಲಿದ್ದ ಎಂಜಿನಿಯರುಗಳಿಗೆ ಯಾರಾದರೂ ಕೈಮುಗಿಯಬೇಕಿತ್ತು.

ಇನ್ನು ಯಂತ್ರಗಳು ಹೇಗೆ ಕೈಕೊಟ್ಟವು ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. ಅದೇ ಬೆಳಿಗ್ಗೆ ಐದೂವರೆ ದಾಟಿದಾಗ ಸೌತ್ ಟೆಕ್ಸಾಸ್ ಅಣುಸ್ಥಾವರದ ಒಂದು ಘಟಕ ನಿಂತುಹೋಯಿತು. ರಿಯಾಕ್ಟರಿಗೆ ಏನೂ ಆಗಿರಲಿಲ್ಲ. ನೀರು ಒದಗಿಸುವ ಪಂಪಿನ ಒತ್ತಡ ಅಳೆಯುವ ಒಂದು ಸಣ್ಣ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿತ್ತು. ಒತ್ತಡ ತಪ್ಪಾಗಿ ತೋರಿತು, ಪಂಪ್ ನಿಂತಿತು, ಸಾವಿರಕ್ಕೂ ಹೆಚ್ಚು ಮೆಗಾವ್ಯಾಟ್ ಹೋಯಿತು. ಕೊಳವೆಗೆ ಒಂದಿಷ್ಟು ಹೊದಿಕೆ ಸುತ್ತಿದ್ದರೆ ತಪ್ಪುತ್ತಿತ್ತು.

ಆ ವಾರ ಟಿವಿಯಲ್ಲಿ ಬೈಸಿಕೊಂಡದ್ದು ಮಾತ್ರ ಗಾಳಿಯಂತ್ರಗಳು. ಗವರ್ನರ್ ಗ್ರೆಗ್ ಅಬಾಟ್ ಕೂಡ ಟಿವಿಯಲ್ಲಿ ಗಾಳಿ ಮತ್ತು ಸೌರ ವಿದ್ಯುತ್ತಿನ ಕಡೆಗೇ ಬೆರಳು ತೋರಿಸಿದರು. ಕೆಲವು ಗಾಳಿಯಂತ್ರಗಳ ರೆಕ್ಕೆಗೆ ಮಂಜು ಕಟ್ಟಿದ್ದು ನಿಜ. ಆದರೆ ನವೆಂಬರಿನಲ್ಲಿ ಬಂದ ಫೆಡರಲ್ ತನಿಖಾ ವರದಿಯ ಪ್ರಕಾರ, ಅನಿರೀಕ್ಷಿತವಾಗಿ ನಿಂತ ಘಟಕಗಳಲ್ಲಿ ಅರ್ಧಕ್ಕೂ ಹೆಚ್ಚು ಗ್ಯಾಸಿನವು. ಕಾರಣಗಳಲ್ಲಿ ಮೊದಲ ಸ್ಥಾನ ಹೆಪ್ಪುಗಟ್ಟುವಿಕೆಗೆ, ಎರಡನೆಯದು ಇಂಧನ ಸಿಗದ್ದಕ್ಕೆ.

ಎಣ್ಣೆ-ಗ್ಯಾಸಿನ ರಾಜ್ಯದಲ್ಲಿ ಇಂಧನ ಯಾಕೆ ಸಿಗಲಿಲ್ಲ? ಬಾವಿಯಿಂದ ಗ್ಯಾಸಿನ ಜೊತೆಗೆ ನೀರೂ ಬರುತ್ತದೆ. ಆ ನೀರು ಬಾವಿಯ ಬಾಯಲ್ಲೇ ಗಡ್ಡೆಕಟ್ಟಿತು. ಇನ್ನೊಂದು ಕಾರಣ ಕೇಳಿದರೆ ಅಳಬೇಕೋ ನಗಬೇಕೋ ತಿಳಿಯದು. ಗ್ಯಾಸನ್ನು ಪೈಪಿಗೆ ತಳ್ಳುವ ಕೆಲವು ಯಂತ್ರಗಳು ಓಡುವುದು ಕರೆಂಟಿನಿಂದ. ಅವು ಅಗತ್ಯ ಸೇವೆ, ಅವುಗಳ ಲೈನ್ ಕಡಿತ ಮಾಡಬೇಡಿ ಎಂದು ಒಂದು ಅರ್ಜಿ ತುಂಬಿ ಕೊಡಬೇಕಿತ್ತು. ಎಷ್ಟೋ ಕಂಪನಿಗಳು ಕೊಟ್ಟಿರಲಿಲ್ಲ. ಹಾಗಾಗಿ ಲೋಡ್ ಶೆಡ್ಡಿಂಗ್ ಶುರುವಾದಾಗ ಅವಕ್ಕೂ ಕರೆಂಟ್ ಹೋಯಿತು, ಗ್ಯಾಸ್ ಇನ್ನೂ ಕಡಿಮೆಯಾಯಿತು, ಗ್ಯಾಸಿಲ್ಲದೆ ಮತ್ತಷ್ಟು ಸ್ಥಾವರ ನಿಂತವು. ಕುಳಿತ ಕೊಂಬೆಯನ್ನು ಕತ್ತಲಲ್ಲಿ ಕಡಿದುಕೊಂಡ ಹಾಗೆ.

ನಮಗೆ ಗೊತ್ತಿರುವ ಲೋಡ್ ಶೆಡ್ಡಿಂಗ್‌ನಲ್ಲಿ ಒಂದು ನ್ಯಾಯವಿದೆ: ನಿಮ್ಮ ಫೀಡರಿಗೆ ಎರಡು ಗಂಟೆ, ಆಮೇಲೆ ಪಕ್ಕದ ಬಡಾವಣೆಗೆ. ಅಲ್ಲಿ ಸರದಿ ತಿರುಗಲೇ ಇಲ್ಲ. ಕಡಿತ 20,000 ಮೆಗಾವ್ಯಾಟಿಗೆ ಮುಟ್ಟಿತ್ತು. ಆಸ್ಪತ್ರೆಯಂಥವು ಇರುವ ಫೀಡರುಗಳನ್ನು ಬಿಟ್ಟರೆ ತಿರುಗಿಸಲು ಉಳಿದದ್ದೇ ಕಡಿಮೆ. ಹೀಗಾಗಿ ಒಂದು ಕಡೆ ಖಾಲಿ ಕಚೇರಿ ಕಟ್ಟಡಗಳು ಜಗಮಗಿಸುತ್ತಿದ್ದರೆ, ಸ್ವಲ್ಪ ದೂರದ ಬೀದಿಯಲ್ಲಿ ಮೂರು ದಿನ ಕತ್ತಲು. 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ಪೈಪುಗಳು ಒಡೆದು ಮಾಳಿಗೆಯಿಂದ ನೀರು ಸುರಿಯಿತು, ಸುಮಾರು ಒಂದೂವರೆ ಕೋಟಿ ಜನರಿಗೆ ನೀರು ಕುದಿಸಿ ಕುಡಿಯಿರಿ ಎಂಬ ಸೂಚನೆ ಬಂತು. ಜನ ಹಿಮವನ್ನು ಬಕೆಟ್ಟಿಗೆ ತುಂಬಿ ಕರಗಿಸಿ ಶೌಚಕ್ಕೆ ಬಳಸಿದರು. ಬೆಚ್ಚಗಿರಲೆಂದು ಮುಚ್ಚಿದ ಗ್ಯಾರೇಜಿನಲ್ಲಿ ಕಾರು ಚಾಲೂ ಮಾಡಿ ಕೂತವರು, ಮನೆಯೊಳಗೆ ಇದ್ದಿಲ ಒಲೆ ಹಚ್ಚಿದವರು ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ವಿಷಕ್ಕೆ ಬಲಿಯಾದರು. ಸರ್ಕಾರದ ಅಂತಿಮ ಲೆಕ್ಕದಲ್ಲಿ ಸತ್ತವರು 246 ಜನ. ಅದರಲ್ಲಿ ಮೂರರಲ್ಲಿ ಎರಡು ಪಾಲು ಚಳಿಯಿಂದಲೇ. ನಿಜವಾದ ಸಂಖ್ಯೆ ಇದರ ಎರಡು-ಮೂರು ಪಟ್ಟು ಎಂದು ಪತ್ರಕರ್ತರು ಲೆಕ್ಕ ಹಾಕಿದ್ದಾರೆ. ಇದರ ನಡುವೆಯೇ ಅಲ್ಲಿನ ಸೆನೆಟರ್ ಟೆಡ್ ಕ್ರೂಝ್ ಮನೆಯವರ ಜೊತೆ ಮೆಕ್ಸಿಕೋದ ಕಡಲತೀರಕ್ಕೆ ವಿಮಾನ ಹತ್ತಿದರು. ಫೋಟೊ ಹರಿದಾಡಿದ ಮೇಲೆ ಮರುದಿನವೇ ವಾಪಸ್.

ಕರೆಂಟ್ ಇದ್ದವರ ಪಾಡೂ ಸುಖವಿರಲಿಲ್ಲ. ಆಗ ಅಲ್ಲಿ ಸಗಟು ದರಕ್ಕೆ ಮೇಲ್ಮಿತಿ ಮೆಗಾವ್ಯಾಟ್-ಗಂಟೆಗೆ 9,000 ಡಾಲರ್ ಇತ್ತು. ನಮ್ಮ ಮೀಟರಿನ ಭಾಷೆಯಲ್ಲಿ ಹೇಳುವುದಾದರೆ ಯೂನಿಟ್ಟಿಗೆ 9 ಡಾಲರ್, ಆಗಿನ ಲೆಕ್ಕಕ್ಕೆ ಸುಮಾರು 650 ರೂಪಾಯಿ. ಮಾಮೂಲಿ ದಿನಗಳಲ್ಲಿ ಅದು ಎರಡು-ಮೂರು ಸೆಂಟಿನ ಮಾತು. ದರ ನಾಲ್ಕು ದಿನ ಆ ಎತ್ತರದಲ್ಲೇ ಇತ್ತು. ಸಗಟು ದರವನ್ನೇ ನೇರ ಗ್ರಾಹಕರಿಗೆ ಕೊಡುತ್ತಿದ್ದ ಗ್ರಿಡ್ಡಿ ಎಂಬ ಕಂಪನಿಯ ಗ್ರಾಹಕರಿಗೆ ಸಾವಿರಾರು ಡಾಲರಿನ ಬಿಲ್ ಬಂತು. ಗ್ರಿಡ್ಡಿ ಮಾರ್ಚಿನಲ್ಲಿ ದಿವಾಳಿಯಾಯಿತು. ಅದಕ್ಕೂ ಮೊದಲೇ ಬ್ರಾಜೋಸ್ ಎಂಬ ದೊಡ್ಡ ವಿದ್ಯುತ್ ಸಹಕಾರಿ ಸಂಘ ದಿವಾಳಿ ಅರ್ಜಿ ಹಾಕಿತ್ತು.

ಇದೆಲ್ಲ ಹಿಂದೆಂದೂ ಆಗದ ವಿಕೋಪವೇ? ಅಲ್ಲ. 1989ರಲ್ಲಿ ಆಗಿತ್ತು. 2011ರ ಫೆಬ್ರವರಿಯಲ್ಲಿ ಮತ್ತೆ ಆಗಿ, ಚಳಿಗೆ ತಡೆಯುವ ವ್ಯವಸ್ಥೆ ಮಾಡಿಕೊಳ್ಳಿ ಎಂದು ಫೆಡರಲ್ ವರದಿ ಬಂದಿತ್ತು. ಅದು ಸಲಹೆ, ಆಜ್ಞೆಯಲ್ಲ. ದುಡ್ಡು ಖರ್ಚಾಗುವ ಸಲಹೆಯನ್ನು ಯಾರು ಪಾಲಿಸುತ್ತಾರೆ? ಪಾಲಿಸಿದವರೂ ಇದ್ದರು. ರಾಜ್ಯದ ಪಶ್ಚಿಮ ತುದಿಯ ಎಲ್ ಪಾಸೊ 2011ರಲ್ಲಿ ಪೆಟ್ಟು ತಿಂದ ಮೇಲೆ ಯಂತ್ರಗಳನ್ನು ಚಳಿಗೆ ಒಗ್ಗಿಸಿಕೊಂಡಿತ್ತು. 2021ರಲ್ಲಿ ಅಲ್ಲಿ ಕರೆಂಟ್ ಹೋದದ್ದು ಕೆಲವೇ ಸಾವಿರ ಮನೆಗಳಿಗೆ, ಅದೂ ಕೆಲವೇ ನಿಮಿಷ. ಎಲ್ ಪಾಸೊ ಎರ್ಕಾಟ್‌ನಲ್ಲಿ ಇಲ್ಲ, ಪಶ್ಚಿಮದ ರಾಜ್ಯಗಳ ಗ್ರಿಡ್‌ನಲ್ಲಿದೆ.

ಇಲ್ಲಿಗೆ ಪ್ರಶ್ನೆಯ ಎರಡನೇ ಭಾಗ.

ಅಮೆರಿಕದ ಮುಖ್ಯ ಭೂಭಾಗದಲ್ಲಿ ಮೂರು ದೊಡ್ಡ ಗ್ರಿಡ್‌ಗಳಿವೆ: ಪೂರ್ವದ್ದು, ಪಶ್ಚಿಮದ್ದು, ಟೆಕ್ಸಾಸಿನದು. ರಾಜ್ಯದ ಸುಮಾರು ಶೇಕಡ 90ರಷ್ಟು ವಿದ್ಯುತ್ ಬೇಡಿಕೆ ಈ ಮೂರನೆಯದರಲ್ಲಿದೆ. 1935ರ ಫೆಡರಲ್ ಕಾನೂನು, ರಾಜ್ಯದ ಗಡಿ ದಾಟಿ ಮಾರುವ ಕರೆಂಟನ್ನು ವಾಷಿಂಗ್ಟನ್ನಿನ ಅಂಕೆಗೆ ತಂದಿತು. ಟೆಕ್ಸಾಸ್ ಕಂಪನಿಗಳು ಒಂದು ಉಪಾಯ ಕಂಡುಕೊಂಡವು: ಗಡಿ ದಾಟದಿದ್ದರೆ ಅಂಕೆಯೂ ಇಲ್ಲ. ಅಂದಿನಿಂದ ತಂತಿಗಳು ಗಡಿಯಲ್ಲಿ ನಿಂತವು. 1976ರ ಮೇ 4ರಂದು ಒಂದು ಕಂಪನಿ ತನ್ನ ಕಾರಣಕ್ಕೆ ಟೆಕ್ಸಾಸಿನ ವರ್ನನ್‌ನಿಂದ ಓಕ್ಲಹೋಮದ ಆಲ್ಟಸ್‌ಗೆ ಗುಟ್ಟಾಗಿ ಕರೆಂಟ್ ಹರಿಸಿತು. ಕೆಲವೇ ಗಂಟೆಗಳ ಕೆಲಸ. ಗೊತ್ತಾದದ್ದೇ ತಡ, ಉಳಿದ ಕಂಪನಿಗಳು ಎಲ್ಲಿ ವಾಷಿಂಗ್ಟನ್ ಒಳಬರುತ್ತದೋ ಎಂದು ತಮ್ಮ ತಂತಿ ಕಳಚಿಕೊಂಡವು, ವರ್ಷಗಟ್ಟಲೆ ಕೋರ್ಟು ನಡೆಯಿತು. ಮಧ್ಯರಾತ್ರಿಯ ಸಂಪರ್ಕ ಎಂದೇ ಅಲ್ಲಿನ ವಿದ್ಯುತ್ ವಲಯದವರು ಅದನ್ನು ಕರೆಯುತ್ತಾರೆ. ಕೊನೆಗೆ ರಾಜಿಯಾಗಿ ಹುಟ್ಟಿದ್ದು ಡಿಸಿ ಕೊಂಡಿಗಳು, ಅಂದರೆ ಎರಡು ಗ್ರಿಡ್‌ಗಳ ಹೆಜ್ಜೆ ಬೇರೆಯಾಗಿಯೇ ಉಳಿಸಿ ನೇರ ವಿದ್ಯುತ್ತಿನ (ಡಿಸಿ) ರೂಪದಲ್ಲಿ ಕರೆಂಟ್ ದಾಟಿಸುವ ಕೊಂಡಿಗಳು. ಪೂರ್ವದ ಗ್ರಿಡ್ಡಿಗೆ ಎರಡು, ಮೆಕ್ಸಿಕೋಗೆ ಉಳಿದವು, ಎಲ್ಲ ಸೇರಿ 1,200 ಮೆಗಾವ್ಯಾಟ್ ಆಸುಪಾಸು. 20,000 ಮೆಗಾವ್ಯಾಟ್ ಕೊರತೆಗೆ ಅದು ಯಾವ ಮೂಲೆಗೆ?

ಡಿಸಿ ಕೊಂಡಿ ಎಂದರೇನು ಎನ್ನುವವರಿಗೆ ನಮ್ಮದೇ ಉದಾಹರಣೆ ಇದೆ. 2012ರ ಜುಲೈ ಕೊನೆಯಲ್ಲಿ ಉತ್ತರ ಮತ್ತು ಪೂರ್ವ ಭಾರತದ ಗ್ರಿಡ್ ಬಿದ್ದು ಸುಮಾರು 60 ಕೋಟಿ ಜನ ಕತ್ತಲಲ್ಲಿದ್ದಾಗ ಬೆಂಗಳೂರಿನಲ್ಲಿ ಫ್ಯಾನ್ ತಿರುಗುತ್ತಲೇ ಇತ್ತು. ಆಗ ದಕ್ಷಿಣದ ಗ್ರಿಡ್ ಉಳಿದ ದೇಶದ ಜೊತೆ ಒಂದೇ ಹೆಜ್ಜೆಯಲ್ಲಿರಲಿಲ್ಲ, ಡಿಸಿ ಕೊಂಡಿಗಳ ಮೂಲಕ ಮಾತ್ರ ಸೇರಿತ್ತು. ಅತ್ತ ತೇರು ಬಿದ್ದರೂ ಇತ್ತ ಎಳೆತ ತಾಗಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗ ಚಾಲೂ ಆದ ಮೇಲೆ ನಾವೂ ಅದೇ ಹಗ್ಗ ಹಿಡಿದೆವು. ಒಂಟಿಯಾಗಿರುವುದರಲ್ಲಿ ರಕ್ಷಣೆಯೂ ಉಂಟು, ಅಪಾಯವೂ ಉಂಟು. ದಕ್ಷಿಣ ಭಾರತ ಒಂಟಿಯಾಗಿದ್ದದ್ದು ತಂತಿ ಎಳೆದು ಮುಗಿದಿರಲಿಲ್ಲ ಎಂದು. ಟೆಕ್ಸಾಸ್ ಒಂಟಿಯಾಗಿರುವುದು ಬೇಕೆಂದೇ.

ಕೊಂಡಿ ದೊಡ್ಡದಿದ್ದರೆ ಪೂರ್ತಿ ಪಾರಾಗುತ್ತಿದ್ದರೇ? ಪೂರ್ತಿ ಇಲ್ಲ. ಅದೇ ಚಳಿಗೆ ಓಕ್ಲಹೋಮ, ಲೂಸಿಯಾನ ಕಡೆಯೂ ಕೊರತೆಯಿತ್ತು, ಅಲ್ಲೂ ಸ್ವಲ್ಪ ಹೊತ್ತು ಕಡಿತ ಮಾಡಿದರು. ಆದರೆ ಅವರಿಗೆ ಪೂರ್ವದ ದೂರದ ರಾಜ್ಯಗಳಿಂದ ಸಾವಿರಾರು ಮೆಗಾವ್ಯಾಟ್ ಹರಿದು ಬಂತು. ಅಲ್ಲಿ ಗಂಟೆಗಳಲ್ಲಿ ಮುಗಿದದ್ದು ಟೆಕ್ಸಾಸಿನಲ್ಲಿ ದಿನಗಳಿಗೆ ಎಳೆಯಿತು.

ಈಗ ಆ ಗಡಿಗೆರೆಯನ್ನು ಮನಸ್ಸಿನಲ್ಲಿಟ್ಟುಕೊಂಡು 2021ರ ಉಳಿದ ಭಾಗ ನೋಡಿ.

ಜುಲೈ 12ರಂದು ವಿಧಾನಸಭೆಯ ಐವತ್ತಕ್ಕೂ ಹೆಚ್ಚು ಡೆಮಾಕ್ರಟಿಕ್ ಸದಸ್ಯರು ಬಾಡಿಗೆ ವಿಮಾನ ಹತ್ತಿ ವಾಷಿಂಗ್ಟನ್ನಿಗೆ ಹಾರಿದರು. ಮತದಾನದ ನಿಯಮಗಳನ್ನು ಬಿಗಿಗೊಳಿಸುವ ಮಸೂದೆ ತಡೆಯುವುದು ಉದ್ದೇಶ. 150 ಸದಸ್ಯರ ಸಭೆಗೆ ಕೋರಂ 100. ಅಷ್ಟು ಜನ ಇಲ್ಲದಿದ್ದರೆ ಕಲಾಪವೇ ಇಲ್ಲ. ರೆಸಾರ್ಟ್ ರಾಜಕಾರಣ ಕಂಡ ನಮಗೆ ಶಾಸಕರು ಬಸ್ಸು, ವಿಮಾನ ಹತ್ತುವುದು ಹೊಸದಲ್ಲ. ನಮ್ಮಲ್ಲಿ ಶಾಸಕರು ಊರು ಬಿಡುವುದು ಸರ್ಕಾರ ಉರುಳಿಸಲು, ಇಲ್ಲವೇ ಉಳಿಸಲು. ಇವರು ಬಿಟ್ಟದ್ದು ಒಂದು ಮಸೂದೆಗಾಗಿ. ರಾಜ್ಯದೊಳಗಿದ್ದರೆ ಹಿಡಿದು ತಂದು ಕೂರಿಸುವ ಅಧಿಕಾರ ಸಭೆಗಿದೆ, ಗಡಿ ದಾಟಿದವರ ಮೇಲೆ ಇಲ್ಲ. ಆದರೆ ಮೂವತ್ತೆಂಟು ದಿನದ ಮೇಲೆ ಸಾಕಷ್ಟು ಸದಸ್ಯರು ಹಿಂತಿರುಗಿದರು, ಸೆಪ್ಟೆಂಬರ್ 7ರಂದು ಮಸೂದೆಗೆ ಸಹಿಯೂ ಬಿತ್ತು.

ಅದಕ್ಕೆ ವಾರದ ಹಿಂದೆ, ಸೆಪ್ಟೆಂಬರ್ 1ರಂದು, ಗರ್ಭಪಾತದ ಕಾನೂನು ಜಾರಿಗೆ ಬಂದಿತ್ತು. ಭ್ರೂಣದ ಎದೆಬಡಿತ ಗೊತ್ತಾದ ಮೇಲೆ, ಅಂದರೆ ಆರು ವಾರದ ಹೊತ್ತಿಗೆ, ಗರ್ಭಪಾತ ನಿಷಿದ್ಧ. ಕಾನೂನಿನ ಕರಾಮತ್ತು ಇರುವುದು ಜಾರಿಯ ವಿಧಾನದಲ್ಲಿ. ಅದನ್ನು ಜಾರಿ ಮಾಡುವುದು ಸರ್ಕಾರವಲ್ಲ, ಯಾವ ಖಾಸಗಿ ವ್ಯಕ್ತಿ ಬೇಕಾದರೂ ವೈದ್ಯರ ಮೇಲೆ, ನೆರವಾದವರ ಮೇಲೆ ದಾವೆ ಹೂಡಿ ಕನಿಷ್ಠ 10,000 ಡಾಲರ್ ಪಡೆಯಬಹುದು. ಸರ್ಕಾರ ಕೈ ಹಾಕದಿದ್ದರೆ ಫೆಡರಲ್ ಕೋರ್ಟ್ ತಡೆಯಾಜ್ಞೆ ಕೊಡುವುದಾದರೂ ಯಾರಿಗೆ? ತಂತಿ ಗಡಿ ದಾಟದಂತೆ ನೋಡಿಕೊಂಡ ಅದೇ ಬುದ್ಧಿ ಇಲ್ಲೂ ಕೆಲಸ ಮಾಡಿದೆ ಎಂದು ನನಗನ್ನಿಸುತ್ತದೆ. ಸುಪ್ರೀಂ ಕೋರ್ಟ್ 5–4ರಲ್ಲಿ ತಡೆ ನಿರಾಕರಿಸಿತು. ಹೆಂಗಸರು ಓಕ್ಲಹೋಮಕ್ಕೆ, ನ್ಯೂ ಮೆಕ್ಸಿಕೋಗೆ ಕಾರು ಹತ್ತಿದರು.

ದೇಶದ ಗಡಿಯೂ ಸುಮ್ಮನಿರಲಿಲ್ಲ. ಸೆಪ್ಟೆಂಬರ್ ನಡುವಿನಲ್ಲಿ ಡೆಲ್ ರಿಯೊ ಸೇತುವೆಯಡಿ ಸುಮಾರು 15,000 ಜನ, ಹೆಚ್ಚಿನವರು ಹೈಟಿಯವರು, ಬಿಡಾರ ಹೂಡಿದರು. ಕುದುರೆ ಮೇಲಿನ ಗಡಿ ಪಹರೆಯವರು ಅವರನ್ನು ಅಟ್ಟುವ ಚಿತ್ರ ಜಗತ್ತೆಲ್ಲ ಸುತ್ತಿತು.

ಈ ದಾರಕ್ಕೆ ಪೋಣಿಸಲಾಗದ ಸುದ್ದಿಗಳೂ ಇವೆ. 1865ರ ಜೂನ್ 19ರಂದು ಗಾಲ್ವೆಸ್ಟನ್‌ನಲ್ಲಿ ಗುಲಾಮರಿಗೆ ಬಿಡುಗಡೆ ಸಾರಿದ ದಿನ 2021ರಲ್ಲಿ ಇಡೀ ದೇಶದ ರಜಾದಿನವಾಯಿತು. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದ್ದ ಫೋರ್ಟ್ ವರ್ತ್‌ನ 94ರ ಅಜ್ಜಿ ಓಪಲ್ ಲೀ ಸಹಿ ಹಾಕುವಾಗ ಅಲ್ಲೇ ಇದ್ದರು. ನವೆಂಬರ್ 5ರಂದು ಹ್ಯೂಸ್ಟನ್‌ನ ಆಸ್ಟ್ರೋವರ್ಲ್ಡ್ ಸಂಗೀತ ಮೇಳದ ನೂಕುನುಗ್ಗಲಲ್ಲಿ ಹತ್ತು ಜನ ಉಸಿರುಗಟ್ಟಿ ಸತ್ತರು. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ 2025ರ ಜೂನ್ 4 ನೋಡಿದ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಟೆಕ್ಸಾಸಿನ ವಿದ್ಯುತ್ ಗ್ರಿಡ್ ಕಥೆ ಏನಾಯಿತು? ಎರ್ಕಾಟ್‌ನ ಹಲವು ಮಂಡಳಿ ಸದಸ್ಯರು ರಾಜೀನಾಮೆ ಕೊಟ್ಟರು, ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಮೂವರು ಸದಸ್ಯರೂ ಹುದ್ದೆ ಬಿಟ್ಟರು. ಸ್ಥಾವರಗಳು ಚಳಿಗೆ ಸಜ್ಜಾಗಲೇಬೇಕೆಂಬ ಕಾನೂನಿಗೆ ಅಬಾಟ್ ಜೂನ್ 8ರಂದು ಸಹಿ ಹಾಕಿ, ಮಾಡಬೇಕಾದ್ದೆಲ್ಲ ಮಾಡಿಯಾಯಿತು ಎಂದರು. ವಾರವೂ ಕಳೆದಿರಲಿಲ್ಲ, 14ರಂದು ಎರ್ಕಾಟ್ ಎಸಿ ಕಡಿಮೆ ಬಳಸಿ ಎಂದು ಜನರನ್ನು ಕೇಳಿಕೊಂಡಿತು. ನಷ್ಟದ ಸಾಲ ಬಾಂಡುಗಳಾಗಿ, ಜನರ ಬಿಲ್ಲಿನಲ್ಲಿ ವರ್ಷಗಟ್ಟಲೆ ತೀರುವ ಕಂತಾಯಿತು. ವ್ಯಾಪಾರ ಮಾತ್ರ ಹೆದರಲಿಲ್ಲ. ಫೆಬ್ರವರಿಯಲ್ಲಿ ಕರೆಂಟಿಲ್ಲದೆ ಆಸ್ಟಿನ್‌ನ ಚಿಪ್ ಕಾರ್ಖಾನೆ ನಿಲ್ಲಿಸಬೇಕಾಗಿ ಬಂದ ಸ್ಯಾಮ್ಸಂಗ್, ನವೆಂಬರಿನಲ್ಲಿ 1,700 ಕೋಟಿ ಡಾಲರಿನ ಹೊಸ ಕಾರ್ಖಾನೆಗೆ ಆರಿಸಿಕೊಂಡ ಊರು ಯಾವುದು ಗೊತ್ತೇ? ಟೇಲರ್. ಆ ರಾತ್ರಿ ಗ್ರಿಡ್ ಉಳಿಸಿಕೊಂಡ ಕೊಠಡಿ ಇರುವ ಅದೇ ಊರು. ಟೆಸ್ಲಾ ಕೂಡ ಅದೇ ವರ್ಷ ಮುಖ್ಯ ಕಚೇರಿಯನ್ನು ಆಸ್ಟಿನ್ನಿಗೆ ತಂದಿತು.

ಅಲ್ಲಿಂದೀಚೆಗೆ ಪರಿಸ್ಥಿತಿ ಸುಧಾರಿಸಿದೆ. 2022ರ ಡಿಸೆಂಬರಿನ ಚಳಿಯಲ್ಲಿ ಟೆನೆಸ್ಸಿ, ಕ್ಯಾರೊಲೈನಾ ಕಡೆ ಲೋಡ್ ಶೆಡ್ಡಿಂಗ್ ಆಯಿತು, ಎರ್ಕಾಟ್‌ನಲ್ಲಿ ಆಗಲಿಲ್ಲ. ಸೌರ ವಿದ್ಯುತ್ತು, ದೊಡ್ಡ ಬ್ಯಾಟರಿಗಳು ಬಹಳ ಸೇರಿವೆ. ಪೂರ್ವದ ಕಡೆಗೆ 3,000 ಮೆಗಾವ್ಯಾಟಿನ ಹೊಸ ಮಾರ್ಗದ ಯೋಜನೆಯೂ ಇದೆ. ಅದೂ ಡಿಸಿಯೇ, ವಾಷಿಂಗ್ಟನ್ ಒಳಬರದಂತೆ.

ಇನ್ನು ಮಕ್ಕಳು ಅಲ್ಲಿರುವವರಿಗೆ ಒಂದು ಮಾತು. ಫೋನಿನಲ್ಲಿ ಚಳಿ ಎಂದರೆ ಸ್ವೆಟರ್ ಬಗ್ಗೆ ಆಮೇಲೆ ಕೇಳಿ. ಮೊದಲು ಕೇಳಬೇಕಾದ್ದು ಇಷ್ಟು: ಮನೆ ಹೊರಗಿನ ನಲ್ಲಿಗೆ ಬಟ್ಟೆ ಸುತ್ತಿದ್ದೀರಾ, ಒಳಗಿನ ನಲ್ಲಿ ರಾತ್ರಿ ಹನಿಯಲು ಬಿಟ್ಟಿದ್ದೀರಾ, ನೀರು ಬಂದ್ ಮಾಡುವ ವಾಲ್ವ್ ಎಲ್ಲಿದೆ ಗೊತ್ತಾ, ಕಾರ್ಬನ್ ಮಾನಾಕ್ಸೈಡ್ ಅಲಾರಮ್ಮಿಗೆ ಬ್ಯಾಟರಿ ಇದೆಯಾ?